ಮಾವಿನ ಕೊಂಬೆಯ ಕಲ್ಲುಹೂವು

ಸಹಕಾರನಗರದ ನಮ್ಮ ಮನೆಯ ತಾರಸಿಗೆ ಮಾವಿನ ಮರದ ಒಂದು ಕೊಂಬೆ ಚಾಚಿಕೊಂಡಿದೆ. ಬಟ್ಟೆ ಒಣಹಾಕುವಾಗ ತಲೆಗೆ ತಾಗುತ್ತದೆಂದು ಅದನ್ನು ದಿನಾ ಬೈಯುತ್ತಿದ್ದೆ. ಒಂದು ಬೆಳಿಗ್ಗೆ ಹಾಗೆ ಬೈಯುತ್ತಲೇ ನೋಡಿದೆ, ತೊಗಟೆಯ ಮೇಲೊಂದು ಪುಟ್ಟ ಪೊದೆ ಎದ್ದು ನಿಂತಿತ್ತು.

ಹೆಬ್ಬೆರಳಿನಷ್ಟು ಎತ್ತರ. ಬೂದಿ ಬೆರೆತ ಹಸಿರು. ಬುಡ ಒಂದೇ ಕಡೆ ಅಂಟಿಕೊಂಡು, ಅಲ್ಲಿಂದ ಚಪ್ಪಟೆ ಪಟ್ಟಿಗಳಂಥ ರೆಂಬೆಗಳು ಕವಲೊಡೆದಿದ್ದವು. ಬೇರಿಲ್ಲ, ಎಲೆಯಿಲ್ಲ. ಬಿಸಿಲಲ್ಲಿ ಮುಟ್ಟಿದರೆ ಹಪ್ಪಳದಂತೆ ಮುರಿದೀತೆಂಬ ಭಯ. ಮಳೆ ಬಿದ್ದ ಮರುದಿನ ಮೆತ್ತಗಾಗಿ ಬೆರಳಿಗೆ ಬಾಗುತ್ತಿತ್ತು. ಇದೂ ಕಲ್ಲುಹೂವಿನ ಬಳಗದ್ದೇ ಎಂದು ಓದಿ ತಿಳಿದುಕೊಂಡೆ. ಬೂಷ್ಟು, ಪಾಚಿ ಕೂಡಿ ನಡೆಸುವ ಸಂಸಾರವಂತೆ: ಬೂಷ್ಟು ಮನೆ ಕಟ್ಟುತ್ತದೆ, ಪಾಚಿ ಬಿಸಿಲಲ್ಲಿ ಅಡುಗೆ ಮಾಡುತ್ತದೆ. ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ, ಕೂರಲು ಜಾಗ ಕೇಳುತ್ತದೆ, ಅಷ್ಟೆ. ಹೊಗೆಯನ್ನಂತೂ ಸಹಿಸುವುದಿಲ್ಲ. ಅದಕ್ಕೇ ಇರಬೇಕು, ರಸ್ತೆಗೆ ಬೆನ್ನು ಹಾಕಿ ಪಾರ್ಕಿನ ಕಡೆಗೆ ಕೂತಿತ್ತು. ಹೆಬ್ಬಾಳದ ಫ್ಲೈಓವರನ್ನು ಇಷ್ಟು ಹತ್ತಿರ ಇಟ್ಟುಕೊಂಡೂ ಇದು ನಮ್ಮ ಮನೆಗೆ ಬಂತಲ್ಲ ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಅತ್ತೆಗೆ ತೋರಿಸಿದೆ. ಮಾಕಳಿಯಲ್ಲಿ ಹುಟ್ಟಿ ಬೆಳೆದ ಅವರಿಗೆ ಕಲ್ಲುಹೂವೆಂದರೆ ಮಸಾಲೆ ಸಾಮಾನು.

"ಅಂಗ್ಡೀಲಿ ಉಡುಕ್ಕೊಂಡ್ ಓಗಿ ತರ್ತೀವಿ, ಇಲ್ಲೇ ಬೆಳ್ದೈತಲ್ಲೇ! ಕಿತ್ಕೊಡು, ಭಾನ್ವಾರ ಮಸಾಲೆಗೆ ಆಕಾನ."

"ಇದು ಅದಲ್ಲ ಅತ್ತೆ. ಅದು ಎಲೆ ಥರ ಅಗಲ ಇರುತ್ತೆ, ಅಡಿ ಕಪ್ಪು. ಇದು ಗಿಡದ ಥರ ನಿಂತಿದೆ ನೋಡಿ."

ಅವರು ಮೂಗನ್ನು ಹತ್ತಿರ ತಂದರು. ನಾನು ಉಸಿರು ಬಿಗಿಹಿಡಿದೆ.

"ಗಮಾನೇ ಇಲ್ಲ. ಇದನ್ನ ಇಂಗ್ ನೋಡ್ತಾ ನಿಂತವ್ಳೆ," ಎಂದು ಗೊಣಗುತ್ತಾ ಇಳಿದು ಹೋದರು. ನನಗೆ ಸಿಟ್ಟು ಬರಬೇಕಿತ್ತು. ಬದುಕಿತಲ್ಲ ಬಡಜೀವ ಎಂಬ ಖುಷಿಯಲ್ಲಿ ಮರೆತೇಹೋಯಿತು.

ಮುಂಗಾರಿಗೆ ಮುಂಚೆ, ತಂತಿಗೆ ತಾಗುವ ಕೊಂಬೆಗಳನ್ನು ಕಡಿಯಲು ಕರೆಂಟಿನವರು ಬಂದರು. ನಾನು ಸ್ನಾನದಲ್ಲಿದ್ದೆ. ಮಚ್ಚಿನ ಸದ್ದು ಕೇಳಿ ಒದ್ದೆ ತಲೆಯಲ್ಲೇ ಮೆಟ್ಟಿಲು ಹತ್ತಿದೆ. ಅಂಗಳದ ತುಂಬ ಸೊಪ್ಪು ಬಿದ್ದಿತ್ತು.

ತಾರಸಿಯಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು ನನ್ನ ಕೊಂಬೆಗೆ ಅಡ್ಡ ನಿಂತಿದ್ದರು.

"ತಂತಿ ಅಲ್ಲೈತೆ, ಇದು ಇಲ್ಲೈತೆ. ಬಿಡ್ರಪ್ಪ ಇದನ್ನ."

"ಮುಂದೆ ಬೆಳೆಯುತ್ತಲ್ಲಮ್ಮ, ಹೆಂಗೂ ಬಂದಿದೀವಿ," ಎಂದ ಮಚ್ಚು ಹಿಡಿದವನು.

"ಬೆಳೀಲಿ, ಆಗ್ ಬನ್ನಿ. ಇದ್ರಾಗೆ ನಮ್ ಸೊಸೆ ಗಿಡ ಐತೆ."

ಅವನು ಕೊಂಬೆಯನ್ನು ಮೇಲೆ ಕೆಳಗೆ ನೋಡಿದ. ಯಾವ ಗಿಡವೂ ಕಾಣದೆ, ಅತ್ತೆಯ ಮುಖ ನೋಡಿ ಸುಮ್ಮನೆ ಇಳಿದು ಹೋದ. ಅತ್ತೆ ನನ್ನತ್ತ ತಿರುಗಿ, ತಲೆ ಒರೆಸಿಕೋ ಎಂದರು.

ಆ ಕೊಂಬೆ ಈಗಲೂ ಬಟ್ಟೆ ಒಣಹಾಕುವಾಗ ತಲೆಗೆ ತಾಗುತ್ತದೆ. ಬೈಯುವವರು ಈಗ ಅತ್ತೆ, ಬೈಸಿಕೊಳ್ಳುವವಳು ನಾನು.

"ಬಗ್ಗಿ ಓಗಕ್ಕೇನೇ ನಿಂಗೆ? ನಿನ್ ಗಿಡ ಅದುರ್ತದೆ!"