ಒಬ್ಬರಿಗೆ ಮಸುಕು, ಒಬ್ಬರಿಗೆ ಕೆಂಪು ವೃತ್ತ

ಹೋದ ತಿಂಗಳು ನಮ್ಮ ದೊಡ್ಡಮ್ಮನ ಕೊರಳಿಗೆ ಕಳ್ಳ ಕೈಹಾಕಿದ. ಇದೇ ಬಟವಾಡಿಯಲ್ಲಿ, ನಮ್ಮ ಮನೆಯಿಂದ ಕೂಗಳತೆ ದೂರದಲ್ಲಿ, ಮುಸ್ಸಂಜೆ ಹೊತ್ತಿನಲ್ಲಿ. ಬೈಕು ಬಂತು, ಕೈ ಬಂತು, ಚಿನ್ನದ ಸರ ಹೋಯಿತು. ಸರಕ್ಕೆ ಸಿಕ್ಕಿಕೊಂಡು ಕರಡಿಗೆಯೂ ಹೋಯಿತು.

(ಕರಡಿಗೆ ಗೊತ್ತಲ್ಲ? ಇಷ್ಟಲಿಂಗ ಇಟ್ಟುಕೊಳ್ಳುವ ಪುಟ್ಟ ಬೆಳ್ಳಿ ಡಬ್ಬಿ. ಶಿವದಾರ ಪೋಣಿಸಿ ಕೊರಳಿಗೆ ಕಟ್ಟಿಕೊಳ್ಳುತ್ತಾರೆ.)

ಸರಕ್ಕಾಗಿ ದೊಡ್ಡಮ್ಮ ಒಂದು ಹನಿ ಕಣ್ಣೀರು ಹಾಕಲಿಲ್ಲ. "ಚಿನ್ನ ಹಾಳಾಗೋಗ್ಲಿ ಬುಡು. ನನ್ ಲಿಂಗ ಕಣ್ಲಾ..." ಎಂದು ಗೋಡೆಗೆ ಒರಗಿ ಕೂತುಬಿಟ್ಟಳು. ದಾರಿಯಲ್ಲೇನಾದರೂ ಬಿದ್ದಿರಬಹುದೆಂದು ಬೀದಿಯವರೆಲ್ಲ ಹುಡುಕಿದರು, ಸಿಗಲಿಲ್ಲ. ಲಿಂಗಪೂಜೆ ಆಗದೆ ಒಂದು ಗುಟುಕು ಕಾಫಿಯನ್ನೂ ಮುಟ್ಟದ ಹೆಂಗಸು ಅವಳು. ಮಠಕ್ಕೆ ಹೋಗಿ ಬೇರೆ ಲಿಂಗ ಕಟ್ಟಿಸಿಕೊಂಡು ಬರೋಣ ಎಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ.

ದೊಡ್ಡಮ್ಮ ಇರುವುದು ಅಮೃತೂರಿನಲ್ಲಿ, ಮಗ ಸೊಸೆ ಮೊಮ್ಮಕ್ಕಳ ಗಲಾಟೆಯ ನಡುವೆ. ಮಂಡಿನೋವಿಗೆ ಇಲ್ಲಿಯ ಕ್ಲಿನಿಕ್ಕಿನಲ್ಲಿ ಕರೆಂಟ್ ಕೊಡಿಸಿಕೊಳ್ಳಲು ನಮ್ಮ ಮನೆಗೆ ಬಂದಿದ್ದಳು. ಬಂದ ಎರಡೇ ದಿನಕ್ಕೆ ನಮ್ಮ ಮಹಡಿ ರೂಮಿನ ಮಾವಿ ಅವಳಿಗೆ ಗಂಟು ಬಿದ್ದಿದ್ದಳು. ಮಾವಿ ಮಿಜೋರಾಂನ ಹುಡುಗಿ. ಮೇನ್ ರೋಡಿನ ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಮೊದಮೊದಲು ಇಬ್ಬರ ನಡುವೆ ಇದ್ದದ್ದು ಬರೀ ನಗು. ಆಮೇಲೆ ಒಂದು ಕೆಲಸವೂ ಹುಟ್ಟಿಕೊಂಡಿತು. ದೊಡ್ಡಮ್ಮನ ಪೂಜೆಗೆ ಬಿಲ್ವಪತ್ರೆ ಬೇಕು. ಪತ್ರೆ ಮರ ಇರುವುದು ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ. ಮಂಡಿ ನೋಯುವವಳು ಅಲ್ಲಿಯ ತನಕ ಹೋಗುವುದು ಹೇಗೆ? ದಿನಾ ಬೆಳಿಗ್ಗೆ ಮಾವಿ ಹೋಗಿ ಕಿತ್ತುಕೊಂಡು ಬರತೊಡಗಿದಳು.

"ನೀನು ಚರ್ಚಿಗೋಗೋಳಲ್ವೇನೇ? ನಿಮ್ ದೇವ್ರು ಬೈಯಲ್ವಾ?" ಎಂದು ದೊಡ್ಡಮ್ಮ ರೇಗಿಸುತ್ತಿದ್ದಳು.

"ನಮ್ದು ದೇವರು ಬೈಯಲ್ಲ ಅಜ್ಜಿ. ಪಾರ್ಲರ್ ಮೇಡಮ್ ಮಾತ್ರ ಬೈತಾರೆ" ಎಂದು ಇವಳು ಉತ್ತರ ಕೊಡುತ್ತಿದ್ದಳು.

ಕಳುವಾದ ಮಾರನೆಯ ಬೆಳಿಗ್ಗೆಯೂ ಮಾವಿ ಪತ್ರೆಗೆ ಹೋದಳು. ಲಿಂಗವೇ ಇಲ್ಲದ ಮನೆಗೆ ಪತ್ರೆ ಯಾಕೆ ಎಂದು ಅವಳಿಗೆ ಹೇಳುವ ಮನಸ್ಸು ಯಾರಿಗೂ ಬಂದಿರಲಿಲ್ಲ. ಹೋದವಳು ಓಡುತ್ತಾ ಬಂದಳು. ಚಪ್ಪಲಿ ಮೆಟ್ಟಿಲ ಕೆಳಗೇ ಬಿಟ್ಟಿದ್ದಳು. ದುಪಟ್ಟಾದ ಮೇಲೆ ಪತ್ರೆ, ಪತ್ರೆಯ ಮೇಲೆ ಒಂದು ಕರ್ಚೀಫಿನ ಗಂಟು, ಅದರಿಂದ ಇಣುಕುತ್ತಿದ್ದ ಶಿವದಾರ.

"ಅಜ್ಜಿ, ನಿಮ್ದು ದೇವರು ಮರದ ಮೇಲೆ ಇತ್ತು. ನಾನು ಕೈಯಲ್ಲಿ ಮುಟ್ಟಿಲ್ಲ. ಎಲೆ ಮೇಲೆ ತಂದೆ."

ಗಂಟಿನೊಳಗೆ ಕರಡಿಗೆ. ಕರಡಿಗೆಯೊಳಗೆ ಲಿಂಗ. ಎರಡಕ್ಕೂ ಏನೂ ಆಗಿರಲಿಲ್ಲ. ದೊಡ್ಡಮ್ಮ ಅದನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಮಾವಿಯ ಎರಡೂ ಕೈ ಹಿಡಿದು ಅವನ್ನೂ ಕಣ್ಣಿಗೊತ್ತಿಕೊಂಡಳು. ಹುಡುಗಿ ನಾಚಿ ನೀರಾದಳು.

ಪೂಜೆ ಮುಗಿಸಿ, ಕಾಫಿ ಕುಡಿದು, ಜೀವ ಬಂದ ಮೇಲೆ ದೊಡ್ಡಮ್ಮ ಕರ್ಚೀಫನ್ನು ತಿರುವಿ ತಿರುವಿ ನೋಡಿದಳು.

"ಕದ್ದೋನು ನಮ್ ಕಡೆಯೋನೇ ಕಣ್ಲಾ. ಚಿನ್ನ ಮಡಿಕ್ಕಂಡವ್ನೆ, ಲಿಂಗ ಇಟ್ಕಳಕ್ಕೆ ಭಯ ಬಿದ್ದವ್ನೆ. ಬಿಸಾಕಿಲ್ಲ ನೋಡು, ನೆಲಕ್ಕೂ ಇಟ್ಟಿಲ್ಲ. ಬಟ್ಟೆಲಿ ಸುತ್ತಿ ಪತ್ರೆ ಮರುಕ್ಕೆ ಇಟ್ಟವ್ನೆ. ಗೊತ್ತಿಲ್ದೋರು ಹಿಂಗ್ ಮಾಡ್ತಾರಾ?"

ನನಗೆ ಸರಿ ಅನ್ನಿಸಿತು. ನಿಮಗೂ ಅನ್ನಿಸುತ್ತಿದೆ ತಾನೆ? ಆದರೆ ನಮ್ಮ ಬೀದಿಗೆ ಅನ್ನಿಸಲಿಲ್ಲ. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಗೇಟಿನ ಹತ್ತಿರ ನನ್ನನ್ನು ಮೆಲ್ಲಗೆ ಕರೆದರು. "ಅಷ್ಟು ಜನ ಹುಡುಕಿದ್ರೂ ಸಿಗದಿದ್ದು ಆ ಹುಡುಗಿಗೇ ಹೆಂಗ್ ಸಿಕ್ತು ಸಾರ್?" ಎಂದು ಕೇಳಿದರು.

ಪತ್ರೆ ಕೀಳಲು ಹೋದವಳಿಗೆ ಪತ್ರೆ ಮರದಲ್ಲಿದ್ದದ್ದು ಸಿಕ್ಕಿತು ಸಾರ್ ಎಂದೆ. ಅವರು ತಲೆಯಾಡಿಸಿದರು. ನಂಬಿದವರು ಹಾಗೆ ತಲೆಯಾಡಿಸುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೈಕು ಬಂತು. ಫೋನಿನಲ್ಲೇ ಸುದ್ದಿ ಬಿಡುವ ಲೋಕಲ್ ಚಾನೆಲ್ಲೊಂದರ ವರದಿಗಾರ. ಒಳ್ಳೆಯ ಹುಡುಗನೇ, ಮಾತು ಮೃದು. "ಅಜ್ಜಿ, ಅವರು ಹಿಂದಿ ಮಾತಾಡಿದ್ರಾ?" ಎನ್ನುವುದೇ ಮೊದಲ ಪ್ರಶ್ನೆ.

"ಯಾವ್ ಭಾಷೆನೂ ಆಡ್ಲಿಲ್ಲ ಕಣಪ್ಪಾ. ಕಿತ್ಕಂಡ್ ಹೋದ" ಎಂದಳು ದೊಡ್ಡಮ್ಮ. ಆಮೇಲೆ ಕರ್ಚೀಫು, ಪತ್ರೆ ಮರ, ಮಾವಿ ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ವರದಿಗಾರ ಹೂಂಗುಟ್ಟುತ್ತಾ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡ.

ಸಂಜೆ ವಿಡಿಯೋ ಬಂತು. "ಬಟವಾಡಿಯಲ್ಲಿ ಹೊರರಾಜ್ಯದವರ ಕೈಚಳಕ? ಬಾಡಿಗೆ ಕೊಡುವ ಮುನ್ನ ಹುಷಾರ್!" ಪತ್ರೆ ಮರ ಕಟ್. ಕರ್ಚೀಫು ಕಟ್. ದೊಡ್ಡಮ್ಮ "ಕಿತ್ಕಂಡ್ ಹೋದ" ಎನ್ನುವುದು ಮಾತ್ರ ಉಳಿದಿತ್ತು. ಅದರ ಹಿಂದೆಯೇ ನಮ್ಮ ಮೆಟ್ಟಿಲು ಹತ್ತುತ್ತಿರುವ ಮಾವಿ. ಅವಳ ಮುಖದ ಸುತ್ತ ಒಂದು ಕೆಂಪು ವೃತ್ತ.

(ಶೀರ್ಷಿಕೆಯ ನಡುವೆ ಇರುವ ಆ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸಿ. ನಾವು ಹೇಳಿಲ್ಲ, ಕೇಳಿದ್ದೇವೆ ಅಷ್ಟೇ ಎಂದು ನುಣುಚಿಕೊಳ್ಳಲು ಅದೊಂದು ಸಾಕು.)

ವಿಡಿಯೋ ನಮ್ಮ ಏರಿಯಾದ ಎಲ್ಲ ವಾಟ್ಸಾಪ್ ಗ್ರೂಪುಗಳನ್ನೂ ಸುತ್ತಿತು. ಪಾರ್ಲರ್ ಮೇಡಮ್ಮು "ಸ್ವಲ್ಪ ತಣ್ಣಗಾಗೋವರ್ಗೂ ಬರ್ಬೇಡಮ್ಮ" ಎಂದರಂತೆ. ಮೇಷ್ಟ್ರು ಇನ್ನೂ ಇಬ್ಬರನ್ನು ಕರೆದುಕೊಂಡು ಮನೆಗೇ ಬಂದರು. "ನೀವು ಬರೆಯೋರು, ದೊಡ್ಡ ಮನಸ್ಸು. ಆದ್ರೆ ಏರಿಯಾ ಹೆಸರೂ ನೋಡ್ಬೇಕಲ್ಲ ಸಾರ್? ರೂಮ್ ಖಾಲಿ ಮಾಡ್ಸಿಬಿಡಿ." ಮಾಡಿಸುವುದಿಲ್ಲ ಎಂದೆ. ದನಿ ಸ್ವಲ್ಪ ಏರಿತ್ತು. ಮೇಲೆ ಮಾವಿಗೆ ಕೇಳಿಸಿರಬೇಕು.

ಅರ್ಧ ಗಂಟೆಯಲ್ಲಿ ಅವಳು ಬ್ಯಾಗು ಹಿಡಿದುಕೊಂಡು ಕೆಳಗಿಳಿದು ಬಂದಳು. ಮುಖಕ್ಕೆ ಮಾಸ್ಕು. "ಅಂಕಲ್, ನನ್ನಿಂದ ನಿಮಗೆ ಜಗಳ ಬೇಡ" ಎಂದಳು. ಆ ಹುಡುಗಿ ನಮ್ಮನ್ನು ಬಿಟ್ಟು ಹೋಗುವಾಗಲೂ ನಮ್ಮ ಬಗ್ಗೆಯೇ ಯೋಚಿಸುತ್ತಿದ್ದಳು.

ದೊಡ್ಡಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಬಾಗಿಲ ಹತ್ತಿರ ಬಂದು ಆ ಬ್ಯಾಗಿನ ಮೇಲೆಯೇ ಕೂತುಬಿಟ್ಟಳು.

"ಎಲ್ಲಿಗೇ ಹೋಗ್ತೀಯ? ನಾಳಿಕ್ ಪತ್ರೆ ಯಾರ್ ತರ್ತಾರೆ, ಆ ಮೇಷ್ಟ್ರು ತರ್ತಾನಾ? ನೀನ್ ಹೋದ್ರೆ ನಾನೂ ಹೊಂಟೆ. ನಡಿ, ಅಮೃತೂರ್ಗೇ ಹೋಗವಾ ಇಬ್ರೂ."

ಮಾವಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಮಾಸ್ಕು ತೆಗೆದು, ಅಲ್ಲೇ ನೆಲದ ಮೇಲೆ ಕೂತು, ದೊಡ್ಡಮ್ಮನ ಮಂಡಿಗೆ ತಲೆಯಿಟ್ಟು ಅತ್ತಳು. ನೋಯುವ ಮಂಡಿ ಅದು. ದೊಡ್ಡಮ್ಮ ಹಾ ಎನ್ನಲಿಲ್ಲ.

ಕಳ್ಳ ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದ. ನಮ್ಮ ಪಕ್ಕದ ತಾಲೂಕಿನ, ಗುಬ್ಬಿ ಕಡೆಯ ಹುಡುಗ. ಲಿಂಗ ನೋಡಿ ಭಯವಾಯಿತು, ಅದಕ್ಕೇ ಪತ್ರೆ ಮರಕ್ಕಿಟ್ಟೆ ಎಂದು ಪೊಲೀಸರ ಮುಂದೆ ಅವನೇ ಹೇಳಿದನಂತೆ. ಅದೇ ಚಾನೆಲ್ಲಿನಲ್ಲಿ ಅದೇ ವರದಿಗಾರನ ಸುದ್ದಿ: "ಆನ್‌ಲೈನ್ ಗೇಮ್ ಗೀಳಿಗೆ ದಾರಿ ತಪ್ಪಿದ ಮಗ. ಹೆತ್ತ ತಾಯಿಯ ಕಣ್ಣೀರು." ಹಿನ್ನೆಲೆಗೆ ಕೊಳಲು. ಜಗುಲಿಯಲ್ಲಿ ಸೆರಗು ಬಾಯಿಗಿಟ್ಟುಕೊಂಡ ತಾಯಿ. ಹುಡುಗನ ಮುಖ ಮಾತ್ರ ಕಾಣಲಿಲ್ಲ. ಮಸುಕು ಮಾಡಿದ್ದರು.

ನನಗೆ ಪಿತ್ತ ನೆತ್ತಿಗೇರಿತು. ಕದ್ದವನ ಮುಖ ಮಸುಕು. ಹುಡುಕಿ ತಂದುಕೊಟ್ಟವಳ ಮುಖಕ್ಕೆ ಕೆಂಪು ವೃತ್ತ! ಅವನು "ದಾರಿ ತಪ್ಪಿದ ಮಗ". ಇವಳು "ಹೊರರಾಜ್ಯದವರು". ಗುಬ್ಬಿಯವರೇ ಹುಷಾರ್ ಎಂದು ಯಾರಾದರೂ ಬರೆದರೇ? ಬರೆಯಬಾರದು ಕೂಡ. ನಮ್ಮವನು ಕದ್ದರೆ ಅದಕ್ಕೊಂದು ಕಾರಣ ಹುಡುಕುತ್ತೇವೆ. ಹೊರಗಿನವಳು ಸುಮ್ಮನೆ ಮೆಟ್ಟಿಲು ಹತ್ತಿದರೂ ಅದು ಸುದ್ದಿಯಾಗುತ್ತದೆ. ಅವಳ ಕಣ್ಣು ಮೂಗು ನಮ್ಮ ಹಾಗಿಲ್ಲ ಎನ್ನುವುದಲ್ಲದೆ ಬೇರೆ ಸಾಕ್ಷಿ ಏನಿತ್ತು ಹೇಳಿ?

ಹೀಗೆಲ್ಲ ಕೂಗಾಡಿ ತಿರುಗಿ ನೋಡಿದರೆ ದೊಡ್ಡಮ್ಮ ಅಳುತ್ತಿದ್ದಳು. ಆ ಹುಡುಗನ ತಾಯಿಯನ್ನು ನೋಡಿ!

"ನಿನ್ ಸರ ಕಿತ್ತೋನ ಅಮ್ಮನಿಗೆ ಅಳ್ತೀಯಲ್ಲ ದೊಡ್ಡಮ್ಮ?"

"ಅಳ್ಬಾರ್ದೇನ್ಲಾ? ಹೆತ್ತೋಳು ಹೆತ್ತೋಳೇ. ಅವ್ಳೇನ್ ಕದ್ದವ್ಳಾ?"

ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ನಿಜ, ಆ ಹುಡುಗನ ಮುಖಕ್ಕೂ ಕೆಂಪು ವೃತ್ತ ಹಾಕಿ ಎಂದು ನಾನು ಕೇಳಬೇಕಾಗಿಲ್ಲ. ಅವನ ಮನೆಯ ತನಕ ಹೋಗಿ, ಜಗುಲಿಯಲ್ಲಿ ಕೂತು, ಅವನಿಗೊಬ್ಬ ತಾಯಿ ಇದ್ದಾಳೆ ಎಂದು ತೋರಿಸಿದ್ದು ತಪ್ಪಲ್ಲ. ಆ ಕರುಣೆ ಸರಿಯಾದದ್ದೇ. ಅದು ನಮ್ಮ ಮೆಟ್ಟಿಲ ತನಕ ಬರಲಿಲ್ಲ ಎನ್ನುವುದೇ ನನ್ನ ಸಂಕಟ.

ಮಾವಿಗೆ ಪಾರ್ಲರಿನಿಂದ ಮತ್ತೆ ಕರೆ ಬಂತು, ಹೋದಳು. ಮೇಷ್ಟ್ರು ಅವಳನ್ನು ಕಂಡಾಗಲೆಲ್ಲ "ಊಟ ಆಯ್ತಾಮ್ಮ?" ಎನ್ನುತ್ತಾರೆ, ಬೆಳಿಗ್ಗೆ ಏಳು ಗಂಟೆಗೂ. (ಕ್ಷಮೆ ಕೇಳುವ ಅವರ ರೀತಿ ಅದು. ಇರಲಿ.) ಆದರೆ ಹಳೇ ವಿಡಿಯೋ ಇನ್ನೂ ಹಾಗೇ ಇದೆ. ಬೀದಿಗಿಳಿಯುವಾಗ ಹುಡುಗಿ ಮಾಸ್ಕು ಹಾಕಿಕೊಳ್ಳುತ್ತಾಳೆ. ಮೊದಲೆಲ್ಲ ಏನೋ ಗುನುಗಿಕೊಂಡು ಹೋಗುತ್ತಿದ್ದಳು.

ಮೊನ್ನೆ ವರದಿಗಾರ ಮತ್ತೆ ಬಂದ. "ಅಜ್ಜಿ, ಆ ಹುಡುಗನನ್ನ ಕ್ಷಮಿಸ್ತೀನಿ ಅಂತ ಕ್ಯಾಮೆರಾ ಮುಂದೆ ಒಂದು ಬೈಟ್ ಕೊಡ್ತೀರಾ? ಜನ ತುಂಬಾ ಇಷ್ಟಪಡ್ತಾರೆ."

ಮಾವಿ ಆಗ ಹಾಲಿನಲ್ಲೇ ಕೂತು ಊರಿನಲ್ಲಿರುವ ಅಮ್ಮನ ಜೊತೆ ವಿಡಿಯೋ ಕಾಲಿನಲ್ಲಿದ್ದಳು. ದೊಡ್ಡಮ್ಮ ಆ ಫೋನನ್ನು ಈಸಿಕೊಂಡು ವರದಿಗಾರನ ಕಡೆ ತಿರುಗಿಸಿದಳು. ತೆರೆಯ ಮೇಲೆ ಒಬ್ಬ ಹೆಂಗಸು, ಯಾರೆಂದು ತಿಳಿಯದೆಯೇ ಅವನಿಗೆ ಕೈಮುಗಿದಳು.

"ಕ್ಷಮಿಸ್ದೆ ಕಣಪ್ಪಾ, ಅದ್ಕೇನಂತೆ. ಆ ಹುಡ್ಗನ್ ಅವ್ವನ್ನ ಮಾತಾಡ್ಸಿದ್ಯಲ್ಲ, ಒಳ್ಳೇದ್ ಮಾಡ್ದೆ. ಈ ಮಗೀನ್ ಅವ್ವ ಇಲ್ಲೇ ಅವ್ಳೆ. ಇವ್ಳನ್ನೂ ವಸಿ ಮಾತಾಡ್ಸು."

ಅವನು ನೆಲ ನೋಡಿದ. ಕ್ಯಾಮೆರಾದಲ್ಲಿ ಚಾರ್ಜ್ ಇಲ್ಲ ಅಜ್ಜಿ, ಇನ್ನೊಂದು ದಿನ ಬರ್ತೀನಿ ಎಂದು ವೈರು ಸುತ್ತಿಕೊಂಡು ಎದ್ದುಹೋದ. ಫೋನಿನಲ್ಲಿ ಆ ತಾಯಿ ಇನ್ನೂ ಕೈಮುಗಿದುಕೊಂಡೇ ಇದ್ದಳು.

ಗುಬ್ಬಿಯ ತನಕ ಹೋಗಿ ಬಂದ ಮೈಕಿಗೆ, ಒಂದು ಮೊಳ ಮುಂದೆ ಬರಲು ಏನು ಕಷ್ಟವಾಗಿತ್ತು?