ಹುಡುಗರಿಗೆ ಹಗ್ಗ, ಅವಳಿಗೆ ಬದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಂಡನ ಮನೆಯವರೆಲ್ಲ ಹೇಳುತ್ತಾರೆ. ಸೊರಬದಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬರುವಾಗ ತವರಿನಿಂದ ತಂದ ಆಸ್ತಿ ಅದೊಂದೇ ಎಂದು ನನ್ನ ಗಂಡ ಗಿರಣಿಗೆ ಬಂದವರ ಎದುರಿಗೂ ತಮಾಷೆ ಮಾಡುವುದುಂಟು. ಮಾಡಲಿ. ಆದರೆ ಮಗಳ ವಿಷಯದಲ್ಲಿ ನನಗೆ ಬಂದ ಸಿಟ್ಟು ಮೂಗಿನದಲ್ಲ, ಹೊಟ್ಟೆಯದು. ಅದು ಇನ್ನೂ ಇಳಿದಿಲ್ಲ.

ನಮ್ಮದು ಊರಂಚಿನ ಹಿಟ್ಟಿನ ಗಿರಣಿ. ಹಿಂದುಗಡೆ ಗದ್ದೆ ಬಯಲು. ಭತ್ತ ಕೊಯ್ದು ಹುಲ್ಲು ಸಾಗಿಸಿದ ಮೇಲೆ ಮಳೆ ಬೀಳುವವರೆಗೂ ಅಲ್ಲಿ ಕ್ರಿಕೆಟ್ಟು. ಕೂಳೆ ಕೆತ್ತಿ, ನೀರು ಹೊಡೆದು, ನಡುವೆ ಒಂದು ಪಿಚ್ ಮಾಡಿದರೆ ಮುಗಿಯಿತು. ಬೌಂಡರಿಗೆ ಗೆರೆ ಎಳೆಯುವ ಕೆಲಸವಿಲ್ಲ, ಗದ್ದೆಯ ಬದುವೇ ಬೌಂಡರಿ. ಅಲ್ಲಿ ಮೊದಲಿನಿಂದಲೂ ಒಂದು ಪದ್ಧತಿ ಇದೆ: ಬದುವಿನ ಮೇಲೆ ನಿಂತು ಕ್ಯಾಚ್ ಹಿಡಿದರೂ ಔಟೇ. ಬದು ಎರಡೂ ಗದ್ದೆಗೆ ಸೇರಿದ್ದು, ಅದರ ಮೇಲೆ ನಿಂತವನು ಹೊರಗೆ ಹೋದ ಹಾಗಲ್ಲ ಎಂಬ ನ್ಯಾಯ. ಬದು ದಾಟಿದರೆ ಮಾತ್ರ ಸಿಕ್ಸ್. ಟಿವಿಯಲ್ಲಿ ಹಾಗಿಲ್ಲವಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಟಿವ್ಯಾಗ ಬದು ಐತೇನ್ರೀ ಅಕ್ಕಾರೇ?" ಎಂದು ಆಡುವ ಹುಡುಗರು ನಕ್ಕಿದ್ದರು.

ಆ ಬಯಲಿನ ಯಜಮಾನ ನನ್ನ ಮೈದುನ. ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಹರೆಯದಲ್ಲಿ ಶಿವಮೊಗ್ಗದ ಲೀಗಿನಲ್ಲಿ ಲೆದರ್ ಬಾಲ್ ಆಡಿ ಬಂದವನು. ನನ್ನ ಮಗಳನ್ನು ಆಟಕ್ಕೆ ಸೇರಿಸಿಕೊಂಡವನೂ ಅವನೇ, ಇಲ್ಲ ಅನ್ನುವುದಿಲ್ಲ. ಒಂದು ಸಂಜೆ ಜನ ಕಡಿಮೆ ಬಿದ್ದರೆಂದು ಅವಳನ್ನು ಕರೆದು ದೂರದ ಬದುವಿನ ಹತ್ತಿರ ನಿಲ್ಲಿಸಿದ. ಅವತ್ತಿನಿಂದ ಆ ಜಾಗ ಅವಳದೇ ಆಯಿತು. ಚೆಂಡು ಎಲ್ಲಿ ಬೀಳುತ್ತದೆ ಎಂದು ಅವಳಿಗೆ ಬ್ಯಾಟಿನ ಸದ್ದಿನಲ್ಲೇ ತಿಳಿಯುತ್ತಿತ್ತು. ಉಳಿದವರು ತಲೆ ಎತ್ತುವಷ್ಟರಲ್ಲಿ ಇವಳು ಓಡಿಯಾಗಿರುತ್ತಿತ್ತು. ನಾನು ಗಿರಣಿಯ ಕಿಟಕಿಯಿಂದ ನೋಡುತ್ತ ನಿಂತು ಎಷ್ಟು ಜನರ ಹಿಟ್ಟು ತೀರಾ ನುಣ್ಣಗೆ ಮಾಡಿ ಬೈಸಿಕೊಂಡಿದ್ದೇನೋ!

"ಹಿಂದಕ್ಕ ಹೋಗ್ತಾ ಇರು, ಚೆಂಡಿನ ಮ್ಯಾಲಿಂದ ಕಣ್ಣು ತೆಗೀಬ್ಯಾಡ," ಎಂದು ಮೈದುನ ಅವಳಿಗೆ ಹೇಳಿಕೊಡುತ್ತಿದ್ದ. "ಹಿಮ್ಮಡಿಗೆ ಬದು ತಾಗ್ತು ಅಂದ್ರ ನಿಂತ್ಕ. ಅಲ್ಲೇ ಹಿಡಿ." ಅವಳು ಹಾಗೇ ಮಾಡಿದಳು. ವರ್ಷಗಟ್ಟಲೆ ಮಾಡಿದಳು.

ಕಾಲೇಜು ತಂಡದಲ್ಲಿ ಆಡಿದಳು, ಜಿಲ್ಲೆಗೆ ಆಡಿದಳು; ಅಲ್ಲೆಲ್ಲ ಬೌಂಡರಿ ಬರೀ ಸುಣ್ಣದ ಗೆರೆ, ಹಿಮ್ಮಡಿ ತಾಗಿದ್ದನ್ನು ಯಾರೂ ನೋಡುತ್ತಿರಲಿಲ್ಲ. ಕೊನೆಗೆ ವಲಯದ ಹೆಣ್ಣುಮಕ್ಕಳ ತಂಡದ ಆಯ್ಕೆ ಪಂದ್ಯಕ್ಕೆ ಕರೆ ಬಂತು. ಅಲ್ಲಿ ಗೆದ್ದರೆ ಮುಂದೆ ರಾಜ್ಯ ತಂಡದ ಬಾಗಿಲು. ಗಿರಣಿಯನ್ನು ಗಂಡನಿಗೆ ಬಿಟ್ಟು ಅವಳ ಜೊತೆ ನಾನೂ ಶಿವಮೊಗ್ಗಕ್ಕೆ ಹೋದೆ. ಹಸಿರು ಹುಲ್ಲಿನ ಮೈದಾನ, ಸುತ್ತ ದಪ್ಪನೆಯ ಬಿಳಿ ಹಗ್ಗ. ಚೆಂಡು ಮುಗಿಲಿಗೆ ಎದ್ದಿತು. ಮಗಳು ಹಿಂದೆ ಹಿಂದೆ ಹೋದಳು. ಹಿಮ್ಮಡಿಗೆ ಹಗ್ಗ ತಾಗಿತು. ನಿಂತಳು. ಹಿಡಿದಳು. ನಾನು ಎದ್ದು ಚಪ್ಪಾಳೆ ಹೊಡೆದೆ, ಅಂಪೈರು ಎರಡೂ ಕೈ ಮೇಲೆತ್ತಿದ. ಸಿಕ್ಸ್!

ಆ ಪಂದ್ಯದಲ್ಲಿ ಇನ್ನೊಂದು ಸಲವೂ ಹಾಗೇ ಆಯಿತು. "ಗದ್ದೆ ಆಟ ಗದ್ದೇಲೇ ಬಿಟ್ಟು ಬರ್ಬೇಕಮ್ಮ," ಎಂದ ಆಯ್ಕೆಗೆ ಕೂತಿದ್ದ ಪುಣ್ಯಾತ್ಮ, ಎಲ್ಲರೆದುರಿಗೆ. ಹೆಸರು ಬರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಆ ಅಂಪೈರಿನ ಏಳು ತಲೆಮಾರನ್ನೂ ಬೈದೆ. ಮಗಳು ಅಳಲಿಲ್ಲ. "ರೂಲು ನಂಗೆ ಗೊತ್ತಿತ್ತಮ್ಮ," ಎಂದಳು, "ಕಾಲಿಗೆ ಗೊತ್ತಿರ್ಲಿಲ್ಲ."

ಕೆಲವು ದಿನ ಕಳೆದು ಒಂದು ಸಂಜೆ ಕಿಟಕಿಯಿಂದ ನೋಡುತ್ತೇನೆ, ಮೈದುನ ಬದುವಿನಿಂದ ಎರಡು ಮಾರು ಒಳಗೆ ಉದ್ದಕ್ಕೂ ನೈಲಾನ್ ಹಗ್ಗ ಹಾಸುತ್ತಿದ್ದಾನೆ. ತಲೆಯ ಮೇಲೆ ಹಿಟ್ಟಿನ ಧೂಳು ಹೊತ್ತುಕೊಂಡೇ ಹೋದೆ.

"ಇದ್ಯಾಕಪ್ಪ ಹಗ್ಗ?"

"ನಮ್ ಹುಡುಗ್ರು ಸೆಲೆಕ್ಷನ್‌ಗೆ ಹೊಂಟಾರ ಅತ್ತಿಗೆ. ಬದು ತುಳಿಯೋ ಚಾಳಿ ಬಿಡಿಸ್ಬೇಕಲ್ಲ. ವರ್ಷಾ ವರ್ಷಾ ಮುಂಜಾನಿ ಹೊತ್ತು ಹಾಸ್ತಿದ್ವಿ, ಈ ಸಲ ಸಂಜಿಗೂ ಹಾಸಾಕತ್ತೀವಿ."

ವರ್ಷಾ ವರ್ಷಾ! "ಹಂಗಾರೆ ಅವ್ಳಿಗ್ಯಾಕೆ ಹಾಸ್ಲಿಲ್ಲ?"

ಅವನು ಹಗ್ಗ ಹಿಡಿದುಕೊಂಡೇ ನಿಂತ. ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಅವ್ಳು ಅಲ್ಲೀತನಕ ಹೋಗ್ತಾಳಂತ ಯಾರು ಕಂಡಿದ್ರು ಅತ್ತಿಗೆ? ಹೆಣ್ಣುಡುಗಿ, ಸಂಜಿ ಹೊತ್ತು ಆಡ್ಕೊಂಡಿರ್ಲಿ ಅಂತ..."

ಕೆಟ್ಟ ಬುದ್ಧಿಯಿಂದ ಹೇಳಿದ್ದರೆ ನಾಲ್ಕು ಬೈದು ಹಗುರಾಗುತ್ತಿದ್ದೆ. ಪ್ರೀತಿಯಿಂದಲೇ ಹೇಳಿದ, ಅದೇ ನನ್ನ ಮೈ ಉರಿಸಿತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚಿದವರಿಗೆ ಸುಣ್ಣ ಹಚ್ಚಿದ್ದು ಗೊತ್ತೇ ಇರಲಿಲ್ಲವಲ್ಲ! ಅವಳ ಕ್ಯಾಚಿನಿಂದ ಇವರು ಎಷ್ಟು ಪಂದ್ಯ ಗೆದ್ದರು. ಗೆಲ್ಲುವಾಗ ಬೇಕಾಗಿದ್ದಳು, ಹಗ್ಗ ಹಾಸುವಾಗ ನೆನಪಾಗಲಿಲ್ಲ. ಅಂಪೈರನ್ನು ಸುಮ್ಮನೆ ಬೈದೆ ಅನಿಸಿತು. "ನಿನ್ ಬಾಯಿಗೆ ಮಣ್ಣು ಹಾಕ!" ಎಂದು ಅಷ್ಟೂ ಹುಡುಗರ ಎದುರಿಗೆ ಕೂಗಿ ಬಂದೆ. ಬಂದು ಮೂರು ದಿನ ಅವನ ಹೆಂಡತಿ ಕಳಿಸಿದ ಸಾರನ್ನೂ ಮುಟ್ಟಲಿಲ್ಲ.

ನಾಲ್ಕನೆಯ ದಿನ ಮಗಳನ್ನು ಕರೆದುಕೊಂಡು ತವರಿಗೆ ಹೋದೆ. ಬಾವಿಗೆ ಮೋಟರು ಬಂದ ಮೇಲೆ ಅಟ್ಟ ಸೇರಿದ್ದ ಹಳೆಯ ಹಗ್ಗವನ್ನು ಅಣ್ಣ ಇಳಿಸಿಕೊಟ್ಟ. ಅದನ್ನು ಅವನ ಗದ್ದೆಯಲ್ಲಿ ಹಾಸಿದೆವು. ಬ್ಯಾಟು ಬೀಸುವುದು ನನಗೇನು ಗೊತ್ತು? ಆದರೆ ಮೂಟೆ ಎತ್ತಿದ ತೋಳು, ಚೆಂಡನ್ನು ಎಷ್ಟು ಎತ್ತರಕ್ಕಾದರೂ ಎಸೆಯುತ್ತದೆ. ನಾನು ಎಸೆಯುವುದು, ಅವಳು ಹಿಂದೆ ಹಿಂದೆ ಓಡುವುದು. "ಹಾವು ಅಂದ್ಕಳೇ ಅದ್ನ, ಮೆಟ್ಬೇಡ!" ಎಂದು ಅಣ್ಣ ಕಣದ ಕಟ್ಟೆಯ ಮೇಲೆ ಕೂತು ಕೂಗುತ್ತಿದ್ದ. ಮೆಟ್ಟಿದಾಗೆಲ್ಲ ನಾವಿಬ್ಬರೂ "ಕಚ್ತು, ಕಚ್ತು!" ಎಂದು ಅಣಕಿಸುತ್ತಿದ್ದೆವು. ರಜೆ ಸಿಕ್ಕಾಗೆಲ್ಲ ಸೊರಬದ ಬಸ್ಸು ಹತ್ತಿದೆವು. ಕಲಿತದ್ದನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟ. ಅವಳ ಕಾಲಿಗೆ ಬುದ್ಧಿ ಬರುವಷ್ಟರಲ್ಲಿ ಒಂದು ವರ್ಷವೇ ಹೋಯಿತು. ಆ ವರ್ಷವನ್ನು ಅವಳಿಗೆ ಯಾರು ತಂದುಕೊಡುತ್ತಾರೆ?

ಮುಂದಿನ ಸಲ ಅವಳ ಹೆಸರು ಬಂತು. ವಲಯದಿಂದ ರಾಜ್ಯ ತಂಡಕ್ಕೂ ಹೋದಳು.

ಆಗ ನೋಡಬೇಕಿತ್ತು ನಮ್ಮೂರಿನವರ ಸಂಭ್ರಮ! ಗಿರಣಿಗಿಂತ ಎತ್ತರದ ಫ್ಲೆಕ್ಸು, ಅದರಲ್ಲಿ ಕೈ ಮುಗಿದ ಮೈದುನನ ಮುಖ ಅವಳ ಮುಖಕ್ಕಿಂತ ದೊಡ್ಡದು. ಬೇಸಿಗೆಯ ಟೂರ್ನಮೆಂಟಿನ ಉದ್ಘಾಟನೆಗೆ ಅವಳನ್ನೇ ಕರೆದರು. ಶಾಲು ಹೊದಿಸಿದ ಮೇಲೆ ಮೈದುನ ಮೈಕ್ ಹಿಡಿದ: "ಈ ಬದುವಿನ ಮ್ಯಾಲೆ ನಾನೇ ನಿಲ್ಲಿಸಿ ಕಲಿಸಿದ್ದು ಇವಳಿಗೆ!" ಜನ ಶಿಳ್ಳೆ ಹೊಡೆದರು. ನಾನು ಹಲ್ಲು ಕಚ್ಚಿಕೊಂಡು ಕೂತೆ.

ಶಾಸ್ತ್ರಕ್ಕೆಂದು ಒಂದು ಓವರ್ ಆಡಿದರು. ಬ್ಯಾಟು ಮೈದುನನದು, ಮಗಳು ತನ್ನ ಹಳೆಯ ಜಾಗಕ್ಕೆ ಹೋದಳು. ಅವನು ಎತ್ತಿ ಹೊಡೆದ. ಅವಳು ಹಿಂದೆ ಹೋದಳು, ಬದುವಿನ ಹತ್ತಿರ ಒಮ್ಮೆ ಕೆಳಗೆ ನೋಡಿದಳು, ನೋಡಿಯೇ ಹಿಮ್ಮಡಿಯನ್ನು ಬದುವಿನ ಮೇಲೆ ಇಟ್ಟಳು, ಹಿಡಿದಳು.

"ಔಟ್! ಔಟ್!" ಬಯಲೆಲ್ಲ ಕೂಗಿತು. ಮೈದುನ ನಗುತ್ತ ಬ್ಯಾಟು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟ.

"ನಿಂತ್ಕ ಚಿಕ್ಕಪ್ಪ," ಎಂದು ಮಗಳು ಅಲ್ಲಿಂದಲೇ ಕೂಗಿ ಎರಡೂ ಕೈ ಮೇಲೆತ್ತಿದಳು. "ಸಿಕ್ಸು. ಕಾಲು ಬದು ಮೇಲಿತ್ತು."

"ನಮ್ಮಲ್ಲಿ ಅದು ಔಟೇ ಕಣವ್ವಾ!"

"ಅಲ್ಲಿ ನಂಗೆ ಸಿಕ್ಸ್ ಅಂದ್ರಲ್ಲ ಚಿಕ್ಕಪ್ಪ."

ಅಷ್ಟೇ ಅಂದಳು, ಸಿಟ್ಟಿನಿಂದಲೂ ಅಲ್ಲ. ಮೈದುನನ ನಗು ಅಲ್ಲೇ ಇಂಗಿತು. ಅವನು ಪಿಚ್ಚಿಗೆ ವಾಪಸು ಬಂದು ನಿಂತ, ಮುಂದಿನ ಚೆಂಡಿಗೆ ಬ್ಯಾಟು ಎತ್ತಲಿಲ್ಲ. ಅದು ಅವನ ಕಾಲಿನ ಪಕ್ಕದಲ್ಲೇ ಹಾದು ಹೋಯಿತು.

"ಆಡಪ್ಪ, ಯಾಕ್ ನಿಂತಿ?" ಎಂದು ನಾನು ಬದುವಿನ ಮೇಲಿಂದ ಕೂಗಿದೆ. "ಆರು ರನ್ನು ನಿಂದೇ!"