ಗೋಡೆಯಿಂದ ಇಳಿದ ಚಂದ್ರಿಕೆ

ನಮ್ಮ ನಡುಮನೆಯ ಗೋಡೆಯಲ್ಲಿ ಒಂದು ಮೊಳೆ ಇದೆ. ಸಾತನೂರಿನ ಅಂಗಡಿಯಿಂದ ತಂದದ್ದು, ಹೆಬ್ಬೆರಳುದ್ದ, ತಲೆ ಕೊಂಚ ಸೊಟ್ಟ. ಸೊಟ್ಟಗಾದದ್ದು ನನ್ನ ಸುತ್ತಿಗೆಯ ಕೈವಾಡ. ಮನೆಗೆ ಬಂದವರು ಬರಿಗೋಡೆಯ ನಡುವೆ ಒಂಟಿಯಾಗಿ ನಿಂತ ಅದನ್ನು ನೋಡಿ, ಒಂದು ಕ್ಯಾಲೆಂಡರನ್ನಾದರೂ ತೂಗುಹಾಕಬಾರದೇ ಎಂದು ಕೇಳುತ್ತಾರೆ. ಹಾಕಬಹುದು, ಹಾಕಿಲ್ಲ. ಯಾಕೆಂದು ಹೇಳಹೊರಟರೆ ಒಂದಿಡೀ ವಸಂತವನ್ನೇ ಹೇಳಬೇಕಾಗುತ್ತದೆ. ಪುರುಸೊತ್ತಿದ್ದರೆ ಹೀಗೆ ಜಗಲಿಯ ಮೇಲೆ ಕುಳಿತುಕೊಳ್ಳಿ.

ನಾನು ಬೆಂಗಳೂರಿನ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತ ಕಣ್ಣು ಸವೆಸಿದವನು. ನನ್ನ ಹೆಂಡತಿ ಶಾರದೆ ಮದುವೆಯಾದಂದಿನಿಂದ ಮಹಡಿಯ ಮೇಲಿನ ಬಾಡಿಗೆ ಮನೆಗಳಲ್ಲೇ ಬಾಳಿದವಳು. ರಂಗೋಲಿ ಬಿಡಲು ಅವಳಿಗೆ ಸಿಕ್ಕಿದ್ದು ಮೆಟ್ಟಿಲಿನ ಕೊನೆಯಲ್ಲಿ ಒಂದು ಗೇಣು ಸಿಮೆಂಟು. ನಾನು ನಿವೃತ್ತನಾದಾಗ ಅವಳು ಕೇಳಿದ್ದು ಒಂದೇ ಒಂದು ವರ, ಒಂದು ಅಂಗಳ. ಹಾಗಾಗಿ ಅವರೆಕಾಯಿಯ ಕಾಲ ಮುಗಿಯುವ ಹೊತ್ತಿಗೆ, ಸಾತನೂರಿಗೆ ಸರ್ಕಾರಿ ಬಸ್ಸಿನಲ್ಲಿ ಹೋಗಿಬರಬಹುದಾದ ಈ ಊರಿನಲ್ಲಿ ಹೆಂಚಿನ ಮನೆಯೊಂದನ್ನು ಬಾಡಿಗೆಗೆ ಹಿಡಿದು ಬಂದಿಳಿದೆವು.

ಹಿತ್ತಿಲ ಗೋಡೆಗೊರಗಿ ನಿಂತಿತ್ತು ಆ ಚಂದ್ರಿಕೆ. ಬಾಗಿಲಗಲದ ಬಿದಿರಿನ ತಟ್ಟಿ. ಅದರ ಮೇಲೆ ಅಂಚಿನಿಂದ ನಡುವಿನವರೆಗೆ ಸುತ್ತಿ ಸುತ್ತಿ ಬರುವ ಬಿದಿರಿನದೇ ಪಟ್ಟಿ. ಮೇದು ತೃಪ್ತವಾಗಿ ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲೆಂದು ಅದರ ಮೇಲೆ ಬಿಡುತ್ತಾರೆ. ನಮಗೇನು ಗೊತ್ತು? ಶಾರದೆಯ ಕಣ್ಣಿಗೆ ಅದು ಯಾರೋ ಪುಣ್ಯಾತ್ಮರು ಬಿದಿರಿನಲ್ಲಿ ಬಿಡಿಸಿಟ್ಟ ರಂಗೋಲಿ. ಒರೆಸಿ, ಬಿಸಿಲಿಗಿಟ್ಟು, ನನ್ನಿಂದ ಮೊಳೆ ಹೊಡೆಸಿ ನಡುಮನೆಯಲ್ಲಿ ತೂಗುಹಾಕಿಸಿದಳು. ಮಿರುಗಲಿ ಎಂದು ಒಂದು ಡಬ್ಬಿ ವಾರ್ನಿಷು ತರಲು ನನಗೆ ಅಪ್ಪಣೆಯಾಯಿತು. ಕನಕಪುರಕ್ಕೆ ಹೋದಾಗಲೆಲ್ಲ ಮರೆತು ಬಂದೆ, ಬಂದಾಗಲೆಲ್ಲ ಬೈಸಿಕೊಂಡೆ.

ಪಕ್ಕದ ಮನೆಯ ಚಿಕ್ಕತಾಯಮ್ಮ ಅದನ್ನು ಮೊದಲ ಸಲ ನೋಡಿದ ದಿನ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಚೆನ್ನಾಗಿದೆ ಎಂದಷ್ಟೇ ಹೇಳಿ ಹೊರಟುಹೋದರು. ಮಾರನೆಯ ದಿನದಿಂದ ಒಬ್ಬೊಬ್ಬರಾಗಿ ಬೀದಿಯ ಹೆಂಗಸರೆಲ್ಲ ನಮ್ಮನ್ನು ಮಾತಾಡಿಸಿಕೊಂಡು ಹೋಗಲು ಬಂದರು. ಊರು ಎಷ್ಟು ಆತ್ಮೀಯವಾಗಿದೆಯೆಂದು ನಾವು ಹಿಗ್ಗಿದೆವು. ನೆಂಟರ ಮನೆಯ ಗೋಡೆಯಲ್ಲಿ ಮೊರವನ್ನೋ ಒನಕೆಯನ್ನೋ ಪಟ ಹಾಕಿದಂತೆ ಹಾಕಿದ್ದರೆ ನೀವಾದರೂ ಹೋಗಿ ನೋಡದೆ ಇರುತ್ತಿದ್ದಿರಾ?

ಚಿಕ್ಕತಾಯಮ್ಮನಿಗೂ ಶಾರದೆಗೂ ಬೇಗ ಗಳಸ್ಯಕಂಠಸ್ಯವಾಯಿತು. ಮಧ್ಯಾಹ್ನ ಜಗಲಿಯಲ್ಲಿ ಇಬ್ಬರೂ ಹುಣಸೆಹಣ್ಣು ಬಿಡಿಸುತ್ತ ಕುಳಿತರೆ ನನ್ನ ಕಾಫಿ ತಡವಾಗುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ಏಕಾಏಕಿ ಅವರ ಬರವು ನಿಂತಿತು. ಏನೋ ಮೈಗೆ ಹುಷಾರಿಲ್ಲವೆಂದುಕೊಂಡು ಶಾರದೆ ಹೆಸರುಬೇಳೆ ಪಾಯಸ ಮಾಡಿ, ತಲೆತುಂಬ ಮಲ್ಲಿಗೆ ಮುಡಿದು, ದೇವರಿಗೆ ಊದುಬತ್ತಿ ಹಚ್ಚಿದ ಕೈಯಲ್ಲೇ ಪಾತ್ರೆ ಹಿಡಿದು ಹೋದಳು. ಚಿಕ್ಕತಾಯಮ್ಮ ಬಾಗಿಲನ್ನು ಅರ್ಧವೇ ತೆರೆದು ಕೈ ಅಡ್ಡ ಮಾಡಿದರು.

"ಅಲ್ಲೇ ನಿಂತ್ಕಳಿ ಅಕ್ಕ, ಒಳೀಕ್ ಬರ್ಬ್ಯಾಡಿ. ಕಲ್ ಮ್ಯಾಲ್ ಮಡಗ್ಬುಟ್ ಹೋಗಿ."

ಬಾಗಿಲು ಮುಚ್ಚಿತು. ಪಾತ್ರೆಯೇನೋ ಆಮೇಲೆ ಒಳಗೆ ಹೋಯಿತು, ಆದರೆ ಒಂದು ಮಾತೂ ಹೊರಗೆ ಬರಲಿಲ್ಲ. ಶಾರದೆ ಆ ದಿನವೆಲ್ಲ ಊಟ ಮಾಡಲಿಲ್ಲ. ಜಾತಿಯೇ, ಮಾತೇ, ಯಾರಾದರೂ ಚಾಡಿ ಹೇಳಿದರೇ ಎಂದು ಇಬ್ಬರೂ ತಲೆ ಕೆಡಿಸಿಕೊಂಡೆವು. ಕೇಳಿಬಿಡೋಣವೆಂದರೆ ಅಭಿಮಾನ ಅಡ್ಡ ಬಂತು. ಒಂದು ವಾರ ಹೀಗೆ ಮುಳ್ಳಿನ ಮೇಲೆ ಕಳೆದ ಮೇಲೆ ಶಾರದೆ ಅಟ್ಟದಿಂದ ಟ್ರಂಕು ಇಳಿಸಿ, ಯುಗಾದಿಯೊಳಗೆ ಬೆಂಗಳೂರಿಗೆ ಹೋಗಿಬಿಡೋಣ ಎಂದಳು. ಅಂಗಳ ಬೇಕೆಂದು ಬಂದವಳು ಅಂಗಳ ಸಾಕೆಂದದ್ದು ಕೇಳಿ ನನಗೆ ನಿಜವಾಗಿಯೂ ದುಃಖವಾಯಿತು.

ಹೊರಗೆ ವಸಂತಕ್ಕೆ ನಮ್ಮ ಸಂಕಟದ ಪರಿವೆಯೇ ಇರಲಿಲ್ಲ. ಬೋಳಾಗಿದ್ದ ಹೊಂಗೆ ಎರಡು ದಿನದಲ್ಲಿ ಎಳೆಹಸಿರಾಗಿ, ಬೆಳಗಿನ ಬಿಸಿಲಲ್ಲಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಬೇವು ಹೂ ಬಿಟ್ಟು ಅಂಗಳದ ತುಂಬ ಸಣ್ಣ ಬಿಳಿಯ ಪುಡಿ ಚೆಲ್ಲಿತ್ತು. ಇಷ್ಟು ಚೆಂದದ ಊರನ್ನು ಬಿಟ್ಟು ಹೋಗುವುದಕ್ಕೆ ಇದಕ್ಕಿಂತ ಕೆಟ್ಟ ಕಾಲ ಸಿಗಲಾರದೆಂದುಕೊಂಡು ನಾನು ಜಗಲಿಯಲ್ಲಿ ಕುಳಿತಿದ್ದೆ. ಆಗ ಕೆದರಿದ ತಲೆಯ ಚಿಕ್ಕತಾಯಮ್ಮ ಓಡಿ ಬಂದರು.

"ಅಕ್ಕ, ಬಿಸ್ಲಿಗೆ ಹುಳ ಎಲ್ಲಾ ಒಂದೇ ಸಲಕ್ಕೆ ಹಣ್ಣಾಗ್ಬುಟ್ಟವೆ. ಚಂದ್ರಿಕೆ ಸಾಲ್ದು, ಬೀದೀಲೆಲ್ಲಾ ಕೇಳ್ಕಂಡ್ ಬಂದೆ. ನಿಮ್ ಗೋಡೇಲಿರೋದ್ ಒಸಿ ಕೊಡಿ. ನೀವಿಬ್ರೂವೇ ಬನ್ನಿ, ಕೈ ಬೇಕು. ಹೂವ ಮಾತ್ರ ಮುಡ್ಕಂಡ್ ಬರ್ಬ್ಯಾಡಿ."

ಕೊನೆಯ ಮಾತಿಗೆ ಶಾರದೆಯ ಮುಖವನ್ನು ನೀವು ನೋಡಬೇಕಿತ್ತು. ಹುಳುವಿಗೆ ಮಲ್ಲಿಗೆಯ ಘಮವೂ ಆಗದು, ಊದುಬತ್ತಿಯ ಹೊಗೆಯೂ ಆಗದು. ಹುಳು ಮೇಯುವಷ್ಟು ದಿನ ಹೊರಗಿನವರನ್ನು, ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನೂ ಒಳಗೆ ಬಿಡುವುದಿಲ್ಲ. ಊರಿಗೇ ಗೊತ್ತಿರುವ ಸಂಗತಿಯನ್ನು ನಮಗೆ ಹೇಳಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ. ಹಗಲೆನ್ನದೆ ಇರುಳೆನ್ನದೆ ಸೊಪ್ಪು ಹಾಕುವ ಆ ಮನೆಯಲ್ಲಿ ಮಾತಿಗೆ ಬಿಡುವೂ ಇರಲಿಲ್ಲ.

ಚಂದ್ರಿಕೆಯನ್ನು ಇಳಿಸಿಕೊಟ್ಟೆ. ಚಿಕ್ಕತಾಯಮ್ಮ ಅದನ್ನು ಮೂಗಿಗೆ ಹಿಡಿದು, ಬಣ್ಣಗಿಣ್ಣ ಬಳಿದಿದ್ದೀರಾ ಎಂದು ಗಾಬರಿಯಿಂದ ಕೇಳಿದರು. ಬಳಿದಿದ್ದರೆ ಆ ವಾಸನೆಗೆ ಅದು ಒಲೆಗೇ ಸರಿ. ಶಾರದೆ ನನ್ನತ್ತ ನೋಡಿದಳು. ಇಷ್ಟು ವರ್ಷದ ದಾಂಪತ್ಯದಲ್ಲಿ ನನ್ನ ಮರೆವನ್ನು ಅವಳು ಪ್ರೀತಿಯಿಂದ ನೋಡಿದ್ದು ಅದೇ ಮೊದಲು.

ಒಳಗೆ ಜೇನಿನ ಬಣ್ಣಕ್ಕೆ ತಿರುಗಿದ ಸಾವಿರಾರು ಹುಳುಗಳು ತಲೆಯೆತ್ತಿ ಆಸರೆ ಹುಡುಕುತ್ತಿದ್ದವು. ತಡವಾದರೆ ಸೊಪ್ಪಿನ ನಡುವೆಯೇ ನೂಲು ಚೆಲ್ಲಿಬಿಡುತ್ತವೆ, ಇಷ್ಟು ದಿನದ ದುಡಿಮೆ ಹಾಳು. ಚಿಕ್ಕತಾಯಮ್ಮನ ಗಂಡ ಬೋರೇಗೌಡರು, ಅಕ್ಕಪಕ್ಕದವರು, ಎಲ್ಲರೂ ಬಗ್ಗಿ ಆಯುತ್ತಿದ್ದರು. ಜಿರಳೆ ಕಂಡರೆ ಕುರ್ಚಿ ಹತ್ತುವ ಶಾರದೆ ಮೊದಲ ಹುಳುವನ್ನು ಬೆರಳಲ್ಲಿ ಎತ್ತಿಕೊಂಡಳು. ಅವಳು ಅದನ್ನು ಚಂದ್ರಿಕೆಯ ಸುತ್ತಿನೊಳಗೆ ಮೆಲ್ಲಗೆ ಇಳಿಸಿದಳು, ಇನ್ನೊಂದಕ್ಕೆ ಕೈ ಹಾಕಿದಳು, ಮಧ್ಯಾಹ್ನದವರೆಗೆ ತಲೆ ಎತ್ತಲಿಲ್ಲ. ಅವಳು ರಂಗೋಲಿಯೆಂದು ಮೆಚ್ಚಿದ್ದ ಆ ಸುತ್ತುಗಳು ಒಂದೊಂದಾಗಿ ತುಂಬುತ್ತ ಬಂದವು.

ನನಗೆ ಆ ಮನೆಯ ಮೇಲೆ ಉಂಟಾದ ಗೌರವ ಇಂದಿಗೂ ಕಡಿಮೆಯಾಗಿಲ್ಲ. ಬಾಗಿಲು ತೆರೆದು ಕಾಫಿ ಕೊಡುವ ಮನೆಗಳು ನಾಡಿನ ತುಂಬ ಇವೆ. ಬಾಯಿಲ್ಲದ ಜೀವಕ್ಕೆ ಕೆಡುಕಾದೀತೆಂದು, ನೆಂಟರ ಮುನಿಸನ್ನೂ ತಲೆಯ ಮೇಲೆ ಹೊತ್ತು ಬಾಗಿಲು ಹಾಕಿಕೊಳ್ಳುವ ಮನೆಯನ್ನು ನಾನು ಕಂಡಿರಲಿಲ್ಲ. ಅಷ್ಟು ದಿನ ನಮ್ಮನ್ನು ಅತಿಥಿಗಳಾಗಿ ಉಪಚರಿಸಿದ ಊರು ಅಂದು ಕೈ ಬೇಕೆಂದು ಕರೆದಿತ್ತು. ಆ ಕರೆಯೇ ನನಗೆ ಹೆಚ್ಚು ಸಂತೋಷ ಕೊಟ್ಟಿತು.

ಗೂಡು ರಾಮನಗರದ ಮಾರುಕಟ್ಟೆಗೆ ಹೋಯಿತು. ಚಿಕ್ಕತಾಯಮ್ಮ ಚಂದ್ರಿಕೆ ಹಿಂದಿರುಗಿಸಲು ಬಂದಾಗ, ನಿಮ್ಮವುಗಳ ಜೊತೆಗೇ ಇರಲಿ ಎಂದು ಶಾರದೆ ಹೇಳಿದಳು. ಈಗ ಅವರ ಚಪ್ಪರದಲ್ಲಿ ಒರಗಿಸಿಟ್ಟ ಸಾಲಿನಲ್ಲಿ ನಮ್ಮದು ಯಾವುದೆಂದು ನಮಗೇ ಗುರುತು ಸಿಗುವುದಿಲ್ಲ. ಟ್ರಂಕು ಅಟ್ಟಕ್ಕೆ ಹೋಯಿತು, ಮೊಳೆ ಮಾತ್ರ ಉಳಿಯಿತು.

ಯುಗಾದಿ ಕಳೆದು ಮುಂದಿನ ಬೆಳೆಯ ಹುಳು ಮೇಯುತ್ತಿದ್ದಾಗ, ಒಂದು ಬೆಳಗ್ಗೆ ಚಿಕ್ಕತಾಯಮ್ಮನ ತಮ್ಮನ ಹೆಂಡತಿ ಕನಕಪುರದಿಂದ ಬಂದಿಳಿದಳು. ಹೊಸ ಮದುವೆ, ಹೊಸ ಸೀರೆ, ಮೊಳದುದ್ದ ಮಲ್ಲಿಗೆ. ಅತ್ತಿಗೆಯ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ, ನಮ್ಮ ಅಂಗಳದಲ್ಲಿ ರಂಗೋಲಿ ಬಿಡುತ್ತಿದ್ದ ಶಾರದೆ ಎದ್ದು ಓಡಿ ಹೋಗಿ ಕೈ ಅಡ್ಡ ಮಾಡಿದಳು.

"ಅಲ್ಲೇ ನಿಂತ್ಕೊಳಮ್ಮ, ಒಳೀಕ್ ಹೋಗ್ಬ್ಯಾಡ. ನಮ್ ಹುಳ ಮೇಯ್ತಾ ಅವೆ. ಒಸಿ ನಮ್ಮನೇಗ್ ಬಾ."

ಆ ಹುಡುಗಿಯ ಮುಖ ಸಪ್ಪಗಾಯಿತು. ಶಾರದೆ ಅವಳನ್ನು ಕೈಹಿಡಿದು ಕರೆತಂದು, ಕಾಫಿ ಕೊಟ್ಟು, ಯಾಕೆಂದು ಬಿಡಿಸಿ ಹೇಳಿದಳು. ಆಮೇಲೆ ಅವಳ ಮುಡಿಯಿಂದ ಮಲ್ಲಿಗೆಯನ್ನು ಮೆಲ್ಲಗೆ ಬಿಡಿಸಿ, ಹೋಗುವಾಗ ಮುಡಿದುಕೊಳ್ಳಲೆಂದು ಆ ಸೊಟ್ಟ ಮೊಳೆಗೆ ತೂಗುಹಾಕಿದಳು.